ನುಸಿಗುಳಿಗೆಯೂ ಎಳೆಗೂಸೂ

ಮುಂಬಯಿಯ ಮಳೆಗಾಲಕ್ಕೆ ಮುನ್ನ ಕಪಾಟಿನಲ್ಲಿಟ್ಟ ನುಸಿಗುಳಿಗೆ ದಸರೆಯ ಹೊತ್ತಿಗೆ ಸವೆದುಹೋಗಿರುತ್ತದೆ. ಅದು ಮಾಯವಾದುದಲ್ಲ, ಆವಿಯಾಗಿ ಬಟ್ಟೆಯನ್ನೂ ನಾವು ಉಸಿರಾಡುವ ಗಾಳಿಯನ್ನೂ ಸೇರಿದೆ. ನುಸಿಯನ್ನು ಕೊಲ್ಲುವುದು ಆ ಆವಿಯೇ.

ಈ ಗುಳಿಗೆಗಳಲ್ಲಿ ಅನೇಕವು ನ್ಯಾಫ್ತಲೀನಿನವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಅದಕ್ಕಿಂತ ಹತ್ತಿರದ ಅಪಾಯ ಎಳೆಗೂಸಿನದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಗುವಿಗೆ ಈ ಆವಿ ತಾಗಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರಬಹುದು. ಅದು ಮಿತಿಮೀರಿದರೆ ಮಿದುಳಿಗೇ ಘಾತ. ಆ ಕೊರತೆ ನೋಡಿದರೆ ತಿಳಿಯುವಂಥದಲ್ಲ, ರಕ್ತಪರೀಕ್ಷೆಯಿಂದಲೇ ತಿಳಿಯಬೇಕು.

ನಾವೋ, ಊರಿನಿಂದ ಬಂದ ಟ್ರಂಕನ್ನು ತೆರೆದು, ಅಜ್ಜಿ ಎತ್ತಿಟ್ಟ ಕುಲಾವಿಯನ್ನೂ ಮೆತ್ತನೆಯ ಹಳೆಯ ಸೀರೆಯನ್ನೂ ಪ್ರೀತಿಯಿಂದ ನೇರವಾಗಿ ತೊಟ್ಟಿಲಿಗೆ ಹಾಸುತ್ತೇವೆ. ಈ ಪದ್ಧತಿಯನ್ನು ಬಿಡಬೇಕಿಲ್ಲ. ಗುಳಿಗೆಯನ್ನು ಬಿಟ್ಟರೆ ಸಾಕು. ಬಟ್ಟೆನುಸಿಯ ಮರಿಗಳು ತಿನ್ನುವುದು ಮುಖ್ಯವಾಗಿ ಉಣ್ಣೆ, ರೇಷ್ಮೆಗಳನ್ನು. ಚೆನ್ನಾಗಿ ಒಗೆದಿಟ್ಟ ಹತ್ತಿಬಟ್ಟೆಗೆ ಅವುಗಳ ಭಯವಿಲ್ಲ. ಕೂಸಿನ ಬಟ್ಟೆಯನ್ನು ಒಗೆದು, ಬಿಸಿಲಿಗೆ ಒಣಗಿಸಿ, ಬೇರೆಯಾಗಿ ಇಡೋಣ. ಗುಳಿಗೆಯ ಜೊತೆಗಿದ್ದುದನ್ನು ಮಗುವಿನ ಬಳಿಗೆ ತಾರದಿರುವುದೇ ಲೇಸು.