ಕೈಯಲ್ಲಿ ಫೋನು, ಗುಡ್ಡದ ಮೇಲೆ ಸಿಗ್ನಲ್ಲು

ಸೆಪ್ಟೆಂಬರ್ ಬಂತೆಂದರೆ ಹೊಸ ಐಫೋನು ಬಿಡುಗಡೆಯಾದ ಸುದ್ದಿ ಪತ್ರಿಕೆಗಳನ್ನು ತುಂಬುತ್ತದೆ. ಅದು ಈಗ ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ನರಸಾಪುರದಲ್ಲೂ ದೇವನಹಳ್ಳಿಯಲ್ಲೂ ತಯಾರಾಗುತ್ತಿರುವುದು ಸಂತೋಷದ ಸಂಗತಿ. ಸದಸ್ಯರ ಮನೆಯ ಮಕ್ಕಳು ಅದನ್ನು ಕೊಂಡರೆ ನಮ್ಮ ಆಕ್ಷೇಪಣೆಯೂ ಇಲ್ಲ; ಅಡಿಕೆಗೆ ಧಾರಣೆ ಸಿಕ್ಕ ವರ್ಷ ಅಂಥ ಆಸೆ ಸಹಜ. ನಾವು ಕೇಳುವುದಿಷ್ಟೆ: ಆ ಫೋನು ಹಿಡಿದು ತೋಟದ ತಗ್ಗಿಗೆ ಇಳಿದಾಗ ಅದು ಏನು ಮಾಡುತ್ತದೆ? 2003ರಲ್ಲಿ ಬಂದ ನೋಕಿಯಾ 1100 ಮಾಡುತ್ತಿದ್ದುದನ್ನೇ ಮಾಡುತ್ತದೆ, ಟಾರ್ಚು ಬಿಡುತ್ತದೆ.

2016ರ ಸೆಪ್ಟೆಂಬರ್ 5ರಂದು ಜಿಯೋ ಆರಂಭವಾದ ಮೇಲೆ ಡೇಟಾ ಅಗ್ಗವಾಯಿತೆಂಬುದು ನಿಜ. ಆದರೆ ಆ ಪೈಪೋಟಿ ಮುಗಿದ ಮೇಲೆ ಉಳಿದ ಕಂಪೆನಿಗಳು ಬೆರಳೆಣಿಕೆಯಷ್ಟು. 2024ರ ಜುಲೈ ಮೊದಲ ವಾರದಲ್ಲಿ ಮೂರು ಖಾಸಗಿ ಕಂಪೆನಿಗಳೂ ಬೆನ್ನುಬೆನ್ನಿಗೆ ದರ ಏರಿಸಿದವು. ಏರಿಸದೆ ಉಳಿದದ್ದು ಬಿಎಸ್ಸೆನ್ನೆಲ್ ಮಾತ್ರ. ಏರಿದ ದರ ಬೆಂಗಳೂರಿನವರಿಗೂ ನಮಗೂ ಒಂದೇ. ಸಿಗ್ನಲ್ಲು ಮಾತ್ರ ಒಂದೇ ಅಲ್ಲ.

ಫೋನು ಶೋಕಿಯ ವಸ್ತುವಾಗಿದ್ದ ಕಾಲದಲ್ಲಿ ಇದನ್ನು ಸಹಿಸಬಹುದಿತ್ತು. ಈಗ ಬೆಳೆ ಸಮೀಕ್ಷೆಯ ಚಿತ್ರವನ್ನು ರೈತನೇ ಮೊಬೈಲಿನಲ್ಲಿ ತೆಗೆದು ಕಳುಹಿಸಬೇಕು. ಪಿಎಂ ಕಿಸಾನ್ ಹಣಕ್ಕೂ ಬ್ಯಾಂಕಿನ ವ್ಯವಹಾರಕ್ಕೂ ಒಟಿಪಿ ಬೇಕು. ಒಟಿಪಿ ಗುಡ್ಡದ ಮೇಲೆ ಸಿಗುತ್ತದೆ, ಅದನ್ನು ಹಾಕಬೇಕಾದ ಕಂಪ್ಯೂಟರು ಕೆಳಗೆ ಸೊಸೈಟಿಯಲ್ಲಿರುತ್ತದೆ. ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದಂತೆ ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶಗಳನ್ನೂ ಕೊಡಬೇಕು. ಅದರ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ, ನಿಯಮ ಹೋಗಿಲ್ಲ.

ಕೊಯ್ಲಿನ ಕಾಲಕ್ಕೆ ಕೊಪ್ಪಳದ ಕಡೆಯಿಂದ ಬರುವ ಕೆಲಸಗಾರರ ಕಷ್ಟ ಇನ್ನೂ ದೊಡ್ಡದು. ಇರಕಲ್ಲಗಡದಂಥ ಊರಿನಲ್ಲಿ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದ ತಾಯಿ, ದಿನವಿಡೀ ಕಾಫಿ ಹಣ್ಣು ಬಿಡಿಸಿ, ಮೂಟೆ ತೂಗಿಸಿ, ಕತ್ತಲಲ್ಲಿ ಲೈನಿನಿಂದ ಗುಡ್ಡ ಹತ್ತಿ ಮನೆಯವರ ದನಿ ಕೇಳಬೇಕು. ಮೇಸ್ತ್ರಿಗಳು ಈಗ ಕೂಲಿ ಎಷ್ಟೆಂದು ಕೇಳುವ ಮೊದಲು ಟವರು ಸಿಗುತ್ತದೆಯೇ ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಡೇಟಾ ಬೇಡದವರಿಗೆ ಕರೆ ಮತ್ತು ಸಂದೇಶ ಮಾತ್ರವಿರುವ ಪ್ಯಾಕು ಕೊಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಕೀಪ್ಯಾಡ್ ಫೋನು ಇರುವವರಿಗೆ ರೈಟರುಗಳು ಇದನ್ನು ತಿಳಿಸಿ ಹೇಳಬೇಕು.

ಅದೇ ವರ್ಷದ ಇನ್ನೊಂದು ನಿಯಮದ ಬಗ್ಗೆ ನಮ್ಮ ತಕರಾರಿದೆ. ಒಂದು ಜಿಲ್ಲೆಯಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿಯ ವಿಸ್ತರಣೆ ಕೊಡಬೇಕಂತೆ. ಉದ್ದೇಶ ಒಳ್ಳೆಯದೇ, ಅಳತೆಗೋಲು ಜಿಲ್ಲೆಯಾದದ್ದೇ ತೊಂದರೆ. ಕಳೆದ ಮಳೆಗಾಲ ಕರೆಂಟು ಹೋಗಿ, ಬ್ಯಾಟರಿ ಇಳಿದು, ಡೀಸೆಲ್ ಹಾಕುವವರಿಲ್ಲದೆ ನಮ್ಮ ಕಣಿವೆಯ ಟವರು ನಾಲ್ಕು ದಿನ ಸತ್ತಿತ್ತು. ಕೊಳೆರೋಗಕ್ಕೆ ಔಷಧಿ ಹೊಡೆಯುವವರನ್ನು ಕರೆಯಲೂ ಆಗಲಿಲ್ಲ, ರೋಗಿಗೆ ಜೀಪು ತರಿಸಲೂ ಆಗಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಫೋನುಗಳು ಚೆನ್ನಾಗಿಯೇ ಮಾತಾಡುತ್ತಿದ್ದವು. ಲೆಕ್ಕದ ಪ್ರಕಾರ ಜಿಲ್ಲೆಯಲ್ಲಿ ಏನೂ ಆಗಿಲ್ಲ! ಈ ಎಣಿಕೆ ಜಿಲ್ಲೆಯಿಂದ ಟವರಿಗೆ ಇಳಿಯಬೇಕು. ಗುಡ್ಡಗಾಡಿನ ಟವರಿಗೆ ಮಳೆಗಾಲಕ್ಕೆ ತಕ್ಕ ಬ್ಯಾಟರಿಯನ್ನೂ ಇಂಧನವನ್ನೂ ಕಂಪೆನಿಯೇ ಮುಂಚಿತವಾಗಿ ಇರಿಸಬೇಕು. ಇದು ನಮ್ಮ ಆಗ್ರಹ.

ಹೊಸ ಫೋನು ಕೊಳ್ಳುವವರು ಕ್ಯಾಮೆರಾದ ಮೆಗಾಪಿಕ್ಸೆಲ್ ಎಣಿಸುವ ಮೊದಲು ಅದು ಯಾವ ಬ್ಯಾಂಡು ಹಿಡಿಯುತ್ತದೆಂದು ಅಂಗಡಿಯವರನ್ನು ಕೇಳಿ. ಬಿಎಸ್ಸೆನ್ನೆಲ್ಲಿನ 4ಜಿ ನಡೆಯುವುದು 700 ಮತ್ತು 2100 ಮೆಗಾಹರ್ಟ್ಸ್‌ಗಳಲ್ಲಿ. ಕಡಿಮೆ ಆವರ್ತನದ ತರಂಗ ಹೆಚ್ಚು ದೂರ ಹೋಗುತ್ತದೆ, ಮರ ಗೋಡೆಗಳನ್ನೂ ಹೆಚ್ಚು ದಾಟುತ್ತದೆ. 700ರ ಬ್ಯಾಂಡ್ 28 ಇಲ್ಲದ ಫೋನಿಗೆ ಆ ಲಾಭ ಸಿಗದು.

ಕಂಪೆನಿಗಳು ತಮ್ಮ ಸೇವಾವ್ಯಾಪ್ತಿಯ ನಕಾಶೆಯನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಇದೆ. ಮುಂದಿನ ಆಡಳಿತ ಮಂಡಳಿ ಸಭೆಗೆ ಮುಂಚೆ ಸದಸ್ಯರು ತಮ್ಮ ತೋಟದಲ್ಲಿ ಯಾವ ಕಂಪೆನಿಯ ಸಿಗ್ನಲ್ಲು ಎಲ್ಲಿ ಸಿಗುತ್ತದೆ, ಕರೆಂಟು ಹೋದ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕು. ಲೈನಿನಲ್ಲಿರುವವರನ್ನೂ ಕೇಳಿ ಬರೆಯಿರಿ. ಆ ನಕಾಶೆಯ ಜೊತೆಗೆ ಈ ಚೀಟಿಗಳನ್ನು ಲಗತ್ತಿಸಿ ಮನವಿ ಕಳುಹಿಸಲಾಗುವುದು.