ವೇದಿಕೆಯ ಕುರ್ಚಿ ಸಿರಿಗೇರಿಯವರಿಗೂ ಸಿಗಲಿ

ಸಮಾಜಕಾರ್ಯ ಕಲಿಸುವ ಕಾಲೇಜುಗಳಲ್ಲಿ ವರ್ಷವಿಡೀ ಕಾರ್ಯಕ್ರಮಗಳಿರುತ್ತವೆ. ಮಾರ್ಚ್ ತಿಂಗಳ ಮೂರನೇ ಮಂಗಳವಾರ ವಿಶ್ವ ಸಮಾಜಕಾರ್ಯ ದಿನ, ಜೂನ್ 12ಕ್ಕೆ ಬಾಲಕಾರ್ಮಿಕ ವಿರೋಧಿ ದಿನ, ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನ, ಡಿಸೆಂಬರ್ 1ಕ್ಕೆ ಏಡ್ಸ್ ದಿನ. ಬೆಳಿಗ್ಗೆ ಹನ್ನೊಂದಕ್ಕೆ ಸಸಿಗೆ ನೀರೆರೆದು ಉದ್ಘಾಟನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಸಂಪನ್ಮೂಲ ವ್ಯಕ್ತಿಯ ಉಪನ್ಯಾಸ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಪ್ರಶ್ನೋತ್ತರಕ್ಕೆ ಉಳಿಯುವುದು ಊಟಕ್ಕೆ ಮುಂಚಿನ ಹತ್ತು ನಿಮಿಷ. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂದು, ನ್ಯಾಕ್ ಕಡತಕ್ಕೆ ವರದಿ ಸೇರಿದರೆ ಕೆಲಸ ಮುಗಿದಂತೆ. ಇದು ಯಾವುದೋ ಒಂದು ಕಾಲೇಜಿನ ಕಥೆಯಲ್ಲ; ರಾಜ್ಯದ ಉದ್ದಗಲಕ್ಕೂ ನಡೆದುಕೊಂಡು ಬಂದ ರೂಢಿ.

ಉಪನ್ಯಾಸಗಳು ಬೇಡ ಎಂದು ಯಾರೂ ಹೇಳಲಾರರು. ಆದರೆ ಬಡತನ, ವಲಸೆ, ಬಾಲ್ಯವಿವಾಹದ ಬಗ್ಗೆ ಮಾತನಾಡುವ ವೇದಿಕೆಯಲ್ಲಿ ಅದನ್ನು ಬದುಕಿದವರಿಗೆ ಒಂದು ಕುರ್ಚಿಯೂ ಇಲ್ಲದಿರುವುದು ಈ ವಿದ್ಯೆಗೇ ಒಪ್ಪುವ ಮಾತಲ್ಲ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯನ್ನೇ ತೆಗೆದುಕೊಳ್ಳಿ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಯಿತು, ಸಿರುಗುಪ್ಪದ ಸುತ್ತ ಅಕ್ಕಿ ಗಿರಣಿಗಳು ಎದ್ದವು. ಆದರೆ ಗದ್ದೆಯಲ್ಲಿ ದುಡಿಯುವವರೆಲ್ಲ ಅದರ ಒಡೆಯರಲ್ಲ. ಇಲ್ಲಿ ಬಾಯಿಮಾತಿನ ಗುತ್ತಿಗೆ ಬೇಸಾಯ ಎಲ್ಲರಿಗೂ ಗೊತ್ತಿರುವ ಸಂಗತಿ: ಎಕರೆಗೆ ಇಷ್ಟು ಚೀಲ ಭತ್ತ ಎಂದು ಮಾತಾಗುತ್ತದೆ, ಕಾಗದ ಆಗುವುದಿಲ್ಲ. ಆಗುವುದೂ ಕಷ್ಟ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ನಿಷೇಧಿಸಿತು. ಗೇಣಿದಾರರಿಗೆ ಭೂಮಿ ಕೊಡಿಸಿದ ದೊಡ್ಡ ಕಾನೂನು ಅದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಆಮೇಲೆ ಹುಟ್ಟಿಕೊಂಡ ಹೊಸ ಗುತ್ತಿಗೆದಾರ ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಬೀಜ, ಗೊಬ್ಬರ, ಎಣ್ಣೆ ಹೊಡೆಯುವ ಖರ್ಚು ಎಲ್ಲ ಅವನದು. ಪಹಣಿ ಮಾತ್ರ ಇನ್ನೊಬ್ಬರ ಹೆಸರಿನಲ್ಲಿ. ಬೆಳೆ ಹಾನಿಯ ಪರಿಹಾರವಾಗಲಿ, ಬ್ಯಾಂಕಿನ ಬೆಳೆ ಸಾಲವಾಗಲಿ ಪಹಣಿಯ ಹೆಸರನ್ನು ಹಿಡಿದೇ ಹೋಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ಎಲ್ಲರೂ ಬೆಳೆಯ ಚಿಂತೆಗೆ ಬಿದ್ದರು. ಗುತ್ತಿಗೆ ಹಿಡಿದವರಿಗೆ ಬೆಳೆಯ ಜೊತೆಗೆ ಒಪ್ಪಿಕೊಂಡ ಚೀಲಗಳ ಚಿಂತೆಯೂ ಇತ್ತು.

‘ಗ್ರಾಮೀಣ ಸಂಕಷ್ಟ’ ಕುರಿತ ವಿಚಾರ ಸಂಕಿರಣದಲ್ಲಿ ಇದನ್ನು ಯಾರು ಹೇಳಬೇಕು? ಅರ್ಥಶಾಸ್ತ್ರಜ್ಞರು ಹೇಳಬಹುದು. ಆದರೆ ಸಾಲ ಕೊಟ್ಟವರು ಮನೆಯ ಮುಂದೆ ಬಂದು ನಿಂತಾಗ ಗಂಡ ಹೆಂಡತಿ ಏನು ಮಾತಾಡಿಕೊಂಡರು, ಮಗಳನ್ನು ಶಾಲೆ ಬಿಡಿಸುವ ತೀರ್ಮಾನ ಯಾವ ಗಳಿಗೆಯಲ್ಲಿ ಆಯಿತು, ಬೆಂಗಳೂರಿಗೆ ಗುಳೆ ಹೋಗುವಾಗ ವಯಸ್ಸಾದ ತಾಯಿಯನ್ನು ಯಾರಿಗೆ ಒಪ್ಪಿಸಿದರು ಎಂಬುದು ಆ ಕುಟುಂಬಕ್ಕೆ ಮಾತ್ರ ಗೊತ್ತು. ಸಮಾಜಕಾರ್ಯ ವಿದ್ಯಾರ್ಥಿ ಕಲಿಯಬೇಕಾದದ್ದು ಸರಿಯಾಗಿ ಅದನ್ನೇ. ಹಾಗೆಯೇ ನಾಟಿಗೆ ಹೋಗುವ ಹೆಣ್ಣುಮಕ್ಕಳು. ಬೆಳಕು ಹರಿಯುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಗುಂಪಾಗಿ ಆಟೊ ಹತ್ತಿದರೆ, ದಿನವಿಡೀ ಕೆಸರಿನಲ್ಲಿ ಬಗ್ಗಿ ನಿಂತು ಸಂಜೆ ಮನೆ ಸೇರುವವರು. ಬಳ್ಳಾರಿಯಲ್ಲಿ ಹನ್ನೊಂದು ಗಂಟೆಗೆ ಶುರುವಾಗುವ ‘ಮಹಿಳೆ ಮತ್ತು ಆರೋಗ್ಯ’ ಕಾರ್ಯಕ್ರಮಕ್ಕೆ ಇವರು ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು.

ಈ ವಿದ್ಯೆ ಹುಟ್ಟಿದ್ದು ಸಭಾಂಗಣದಲ್ಲಿ ಅಲ್ಲ. 1889ರಲ್ಲಿ ಷಿಕಾಗೊದ ವಲಸಿಗರ ಕೇರಿಯಲ್ಲಿ ಜೇನ್ ಆ್ಯಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಹಲ್ ಹೌಸ್ ತೆರೆದರು. ಉಪನ್ಯಾಸ, ಚರ್ಚೆ ಅಲ್ಲಿಯೂ ಇದ್ದವು. ಕೇಳುವವರೂ ವಾದಿಸುವವರೂ ಅದೇ ಕೇರಿಯವರು. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಮುಂಬೈನ ನಾಗಪಾಡಾದಲ್ಲಿ 1926ರಲ್ಲಿ ನೆರೆಹೊರೆಯ ಮನೆಯೊಂದನ್ನು ಕಟ್ಟಿದರು. ಆ ಅನುಭವದ ಬಲದಿಂದಲೇ 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ, ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಶುರುವಾಯಿತು. ಕರ್ನಾಟಕದಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯಕ್ಕೆ ಹೋಗಬೇಕೆಂಬ ಎಂಎಸ್‌ಡಬ್ಲ್ಯು ರೂಢಿಯ ಹಿಂದೆ ಇರುವುದೂ ಇದೇ ತಿಳಿವಳಿಕೆ. ವಿದ್ಯಾರ್ಥಿಗಳು ಬರೆದ ಕ್ಷೇತ್ರಕಾರ್ಯ ವರದಿಗಳು ಅಂಕ ಬಿದ್ದ ಮೇಲೆ ಕಪಾಟು ಸೇರುತ್ತವೆ. ಮುಂದಿನ ಸಂಕಿರಣದ ವಿಷಯ ಆ ಕಪಾಟಿನಿಂದ ಹೊರಬರಬೇಕಿತ್ತು.

ಬದುಕಿದವರಿಗೆ ಮಾತು ಬಾರದು ಎನ್ನುವುದು ಸುಳ್ಳು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ತಮ್ಮ ಬದುಕನ್ನು ತಾವೇ ನಾಡಿಗೆ ಹೇಳಿದರು, ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ದೇವದಾಸಿ ಪದ್ಧತಿಯ ನೋವುಂಡ ಸಿತವ್ವ ಜೋಡಟ್ಟಿ ಬೆಳಗಾವಿ ಸೀಮೆಯಲ್ಲಿ ಅದೇ ಪದ್ಧತಿಯ ವಿರುದ್ಧ ಸಂಘಟನೆ ಕಟ್ಟಿ 2018ರಲ್ಲಿ ಪದ್ಮಶ್ರೀಗೆ ಪಾತ್ರರಾದರು. ಪ್ರಶಸ್ತಿ ಬಂದ ಮೇಲೆ ಎಲ್ಲರೂ ವೇದಿಕೆಗೆ ಕರೆಯುತ್ತಾರೆ. ಪ್ರಶಸ್ತಿ ಬರುವ ಮೊದಲೇ ಗುರುತಿಸಿ ಕರೆಯುವುದು ಸಮಾಜಕಾರ್ಯ ವಿಭಾಗದ ಕೆಲಸ.

ಒಂದು ಎಚ್ಚರ ಬೇಕು. ನೊಂದವರನ್ನು ಕರೆಸಿ, ಅಳಿಸಿ, ಚಪ್ಪಾಳೆ ತಟ್ಟಿ ಕಳಿಸುವುದು ಸುಮ್ಮನೆ ಕರೆಯದಿರುವುದಕ್ಕಿಂತ ಕೆಟ್ಟದ್ದು. ಸರಿಯಾದ ದಾರಿಗೆ ಮಾದರಿಯೂ ಇದೆ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿದಾಗ ಊರಿನವರ ಮುಂದೆ ಸರ್ಕಾರಿ ಲೆಕ್ಕಗಳನ್ನು ಜೋರಾಗಿ ಓದಲಾಯಿತು. ಕೂಲಿ ಕೊಟ್ಟಿದ್ದೇವೆ ಎಂದು ಬರೆದಿದ್ದ ಹೆಸರುಗಳ ಜನರೇ ಎದ್ದು ನಿಂತು ಉತ್ತರಿಸಿದರು. ಅಲ್ಲಿಂದ ಬೆಳೆದ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಯವರೆಗೆ ಬಂತು. ಹೇಳಿದ ಮಾತು ಕಡತವಾಗಿ, ಕಡತ ಉತ್ತರ ಕೇಳಬೇಕು.

ವಿಭಾಗಗಳ ಕಷ್ಟವೂ ನಿಜ. ಕಾಯಂ ಅಧ್ಯಾಪಕರು ಕಡಿಮೆ, ಅತಿಥಿ ಉಪನ್ಯಾಸಕರ ಮೇಲೆ ಹೊರೆ ಹೆಚ್ಚು. ಗೌರವಧನಕ್ಕೆ ಹುದ್ದೆ, ಪದವಿ ನಮೂದಿಸಬೇಕೆನ್ನುವ ನಮೂನೆಗಳು ಬೇರೆ. ಆ ನಮೂನೆಯನ್ನು ಬದಲಿಸುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ನಾಟಿ ಕೆಲಸದ ಹೆಣ್ಣುಮಗಳಿಗೆ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನ, ಬಸ್ ಚಾರ್ಜು, ಆ ದಿನದ ಕೂಲಿ ಕೊಡಲು ಯಾವ ಹೊಸ ಕಾನೂನೂ ಬೇಕಿಲ್ಲ.

ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಮಕ್ಕಳಿಗೆ ಅಲ್ಲಿ ಸೀಟೂ ಹೆಚ್ಚು ಸಿಗುತ್ತಿದೆ; ಸಿರಿಗೇರಿ, ಕುರುಗೋಡು, ತೆಕ್ಕಲಕೋಟೆಯ ಕೂಲಿಕಾರರ ಮಕ್ಕಳೇ ತರಗತಿಯಲ್ಲಿ ಕೂರುವ ಕಾಲ ಇದು. ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ವಿಶ್ವ ಸಮಾಜಕಾರ್ಯ ದಿನವನ್ನು ಸಿರಿಗೇರಿಯಲ್ಲಿ, ಸಂಜೆ ಏಳಕ್ಕೆ, ಕೆಲಸದಿಂದ ಬಂದವರು ಕೈಕಾಲು ತೊಳೆದು ಕೂರುವ ಹೊತ್ತಿಗೆ ನಡೆಸಿ. ಪಹಣಿಯಲ್ಲಿ ಹೆಸರಿಲ್ಲದ ರೈತರು ಮಾತಾಡಲಿ. ತಹಶೀಲ್ದಾರರು, ಕೃಷಿ ಅಧಿಕಾರಿಗಳು, ಬ್ಯಾಂಕ್ ವ್ಯವಸ್ಥಾಪಕರು ಮುಂದಿನ ಸಾಲಿನಲ್ಲಿ ಕೂತು ಕೇಳಲಿ. ವಿದ್ಯಾರ್ಥಿಗಳು ಅದನ್ನೆಲ್ಲ ಬರೆದುಕೊಂಡು, ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿಗೆ ಸೇರಿಸಲಿ.