ಈ ಹೊಟ್ಟಿಗೆ ಎಣ್ಣೆ ಮದ್ದಲ್ಲ

ಸೋದರಿಯರೇ, ಹರೆಯದ ಮಗಳ ತಲೆಯಲ್ಲಿ, ಹುಬ್ಬಿನಲ್ಲಿ, ಮೂಗಿನ ಬದಿಯಲ್ಲಿ ಕೆಂಪಾಗಿ ಜಿಡ್ಡಿನ ಹೊಟ್ಟು ಏಳುತ್ತಿದ್ದರೆ ಅದು ಒಣಚರ್ಮ ಆಗಿರಲಾರದು, ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ಇದು ಅಂಟುರೋಗವಲ್ಲ, ಅವಳ ಬಾಚಣಿಗೆ, ತಲೆದಿಂಬು ಬೇರೆಯಿಟ್ಟು ನೋಯಿಸಬೇಡಿ. ಚರ್ಮದ ಜಿಡ್ಡನ್ನೇ ಉಂಡು ಬೆಳೆಯುವ ಮಲಸೇಜಿಯಾ ಎಂಬ ಶಿಲೀಂಧ್ರಕ್ಕೂ ಇದಕ್ಕೂ ನಂಟಿದೆ. ಹಾಗಾಗಿ ರಾತ್ರಿಯಿಡೀ ಎಣ್ಣೆ ಹಚ್ಚಿಟ್ಟರೆ ಹೊಟ್ಟು ಮೆತ್ತಗಾದೀತೇ ಹೊರತು ವಾಸಿಯಾಗದು, ಹೆಚ್ಚಲೂಬಹುದು. ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ 2 ಸಲ ಹಚ್ಚಿ, 5 ನಿಮಿಷ ಬಿಟ್ಟು ತೊಳೆಯಲಿ; 4 ವಾರ ತಪ್ಪಿಸಬಾರದು. ಒದ್ದೆ ಕೂದಲ ಮೇಲೆ ಸ್ಕಾರ್ಫ್ ಬೇಡ.

ಕೈಕಾಲು ಒಣಗಿ ಬಿರಿಯುವುದು ಬೇರೆ ವಿಷಯ. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈ ಹಸಿಯಿರುವಾಗಲೇ ವ್ಯಾಸಲಿನ್ ಸವರಿ. ವುಝೂಗೆ ಸೋಪು ಬೇಕಿಲ್ಲವಲ್ಲ!

ಮದುವೆ ಗೊತ್ತಾದ ಹುಡುಗಿಯ ಮುಖಕ್ಕೆ ಯಾರೋ ಹೇಳಿದ ಸ್ಟೀರಾಯ್ಡ್ ಕ್ರೀಮನ್ನು ತಿಂಗಳುಗಟ್ಟಲೆ ಬಳಿಯುವುದು ಕೆಟ್ಟ ಚಾಳಿ, ಚರ್ಮ ತೆಳುವಾಗುತ್ತದೆ. ತಿಂಗಳಲ್ಲಿ ಗುಣ ಕಾಣದಿದ್ದರೆ ಚರ್ಮವೈದ್ಯರಿಗೆ ತೋರಿಸಿ.